ಚೌಡೇಶ್ವರಿ ಕಾರಿಗೆ ಕ್ಯಾಮೆರಾ ಹುಡುಕಿದ್ದು

ಹೊಸದುರ್ಗದ ತಾಲ್ಲೂಕು ಕಚೇರಿ ರಸ್ತೆಯಲ್ಲಿ ಬೋರಣ್ಣನದೊಂದು ಸ್ಟುಡಿಯೋ ಇತ್ತು. ಅರ್ಜಿಗೆ ಅಂಟಿಸಲು ಫೋಟೋ ಬೇಕಾದವರು ಕಚೇರಿಯ ಮೆಟ್ಟಿಲಿಳಿದು ನೇರ ಅಲ್ಲಿಗೇ ಬರುತ್ತಿದ್ದರು. ಬೋರಣ್ಣನ ತಂಗಿಯ ಮಗಳು ಚೌಡೇಶ್ವರಿ ಪಿಯುಸಿ ಮುಗಿಸಿ, ೧೯೯೩ರಲ್ಲಿ, ಫೋಟೋಗಳ ಅಂಚು ಕತ್ತರಿಸುವ ಕೆಲಸಕ್ಕೆ ಅಲ್ಲಿ ಸೇರಿದಳು. ವರ್ಷ ಕಳೆಯುವಷ್ಟರಲ್ಲಿ ಸೀಮಂತ, ಆರತಿಗೆಂದು ಕರೆಯಲು ಬಂದ ಹೆಂಗಸರು, “ನೀವು ಬ್ಯಾಡ ಬೋರಣ್ಣ, ಆ ಹುಡುಗೀನೇ ಕಳಿಸ್ರಿ” ಎನ್ನತೊಡಗಿದರು. ಗಂಡಸಿನ ಕ್ಯಾಮೆರಾದ ಮುಂದೆ ಸೆರಗು ಎಳೆದುಕೊಂಡು ಬಿಗಿಯಾಗಿ ಕೂರುತ್ತಿದ್ದವರು ಇವಳ ಮುಂದೆ ಸಡಿಲವಾಗಿ ನಗುತ್ತಿದ್ದರು. ವಿಡಿಯೋ ಕಾಲ ಬಂದಾಗ ಬೋರಣ್ಣನಿಗೆ ಭುಜದ ನೋವು. ಹೆಗಲ ಮೇಲೆ ಹೊರುವ ಆ ದೊಡ್ಡ ಕ್ಯಾಮೆರಾ ಚೌಡೇಶ್ವರಿಯ ಹೆಗಲಿಗೇ ಬಂತು. ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಉಳಿದವರೆಲ್ಲ ತಾಳಿಯನ್ನು ಹಿಡಿದರೆ, ಅವಳು ಆಚೆ ನಿಂತ ಹುಡುಗಿಯ ತಂದೆಯ ಮುಖವನ್ನೂ ಹಿಡಿದುಬಿಡುತ್ತಿದ್ದಳು. ಆಮೇಲೆ ಆ ಕ್ಯಾಸೆಟ್ಟನ್ನು ಮನೆಯವರು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದದ್ದು ಆ ಜಾಗವನ್ನೇ.

೨೦೦೬ರ ಹೊತ್ತಿಗೆ ಬೋರಣ್ಣ ಕೆಲಸ ಬಿಟ್ಟು ಮನೆ ಸೇರಿದ್ದ, ಸ್ಟುಡಿಯೋ ಅವಳದಾಗಿತ್ತು. ಆ ವರ್ಷದ ಜನವರಿಯಲ್ಲಿ ಒಂದು ಬೆಳಗ್ಗೆ ಕೊಬ್ಬರಿ ಮಂಡಿಯ ಮುರುಗಪ್ಪ ಬಂದು ಕುರ್ಚಿ ಎಳೆದುಕೊಂಡು ಕೂತರು. ಐವತ್ತರ ಹತ್ತಿರದ ಗಟ್ಟಿ ಆಳು. ಅವರ ಮನೆತನದ ಮದುವೆಗಳನ್ನೆಲ್ಲ ಚೌಡೇಶ್ವರಿಯೇ ತೆಗೆದಿದ್ದಳು. ಈ ಸಲ ಮದುವೆಯ ಮಾತಲ್ಲ.

“ನಾನು ಕಾರ್ ಓಡ್ಸೋದು ಗೊತ್ತೈತಲ್ಲಮ್ಮ, ಮದಕರಿಪುರದ ಆಚೆ?”

ಗೊತ್ತಿತ್ತು. ಚಿತ್ರದುರ್ಗದ ಕಡೆಯ ಏಳೆಂಟು ಜನ ಸೇರಿ ಮದಕರಿಪುರದ ಆಚೆಗಿನ ಬೀಳು ನೆಲವನ್ನು ಗೇಣಿಗೆ ಹಿಡಿದು, ಮಣ್ಣು ಸಮ ಮಾಡಿಸಿ, ಹಳೆ ಟಯರುಗಳನ್ನು ಜೋಡಿಸಿ ಟ್ರ್ಯಾಕ್ ಮಾಡಿಕೊಂಡಿದ್ದರು. ಪ್ರತಿ ಭಾನುವಾರ ಅಲ್ಲಿ ಟ್ರ್ಯಾಕ್ ಡೇ. ಪಂದ್ಯವೇನಲ್ಲ. ಒಬ್ಬೊಬ್ಬರಾಗಿ ಕಾರು ಓಡಿಸುವುದು, ಗಡಿಯಾರ ನೋಡಿ ಸಮಯ ಬರೆದುಕೊಳ್ಳುವುದು. ಮುರುಗಪ್ಪನವರದು ಒಳಗೆಲ್ಲ ಕಬ್ಬಿಣದ ಪೈಪು ಕೂರಿಸಿದ ಹಳೆಯ ಮಾರುತಿ ಕಾರು.

“ಮೂರನೇ ತಿರುವಲ್ಲಿ ಗಾಡಿ ಎಡಕ್ಕೆ ಎಳೀತೈತೆ. ಪ್ರತಿ ವಾರ ಟಯರಿಗೆ ಗುದ್ತೈತೆ. ಮಾರುತೇಶ ವೀಲು ಸರಿಯಾಗೇ ಐತೆ ಅಂತಾನೆ, ನಾಲ್ಕು ಸಲ ಬಿಚ್ಚಿ ಕಟ್ದ. ಅವನ ಕೆಲಸ ಕೆಟ್ಟೈತೆ. ಕಾರೊಳಗೆ ಒಂದು ಕ್ಯಾಮೆರಾ ಇಟ್ಟು ತೋರಿಸ್ತೀನಿ ಅವನಿಗೆ. ಯಾವ ಕ್ಯಾಮೆರಾ ಆಗ್ತೈತೆ ನೋಡು. ನೀನೇ ಆರಿಸು.”

ಮಾರುತೇಶ ಚಿತ್ರದುರ್ಗದ ಮೆಕ್ಯಾನಿಕ್. ಹದಿನಾರು ವರ್ಷದಿಂದ ಮುರುಗಪ್ಪನವರ ಗಾಡಿಗಳನ್ನೆಲ್ಲ ನೋಡಿಕೊಂಡವನು. ಚೌಡೇಶ್ವರಿ ಹೂಂ ಎಂದಳು. ಕ್ಯಾಮೆರಾ ಆರಿಸುವುದು ಇಷ್ಟು ದೂರ ಕರೆದೊಯ್ಯುತ್ತದೆಂದು ಅವಳಿಗೆ ಆಗ ತಿಳಿದಿರಲಿಲ್ಲ.

ಮೊದಲ ಭಾನುವಾರ ತನ್ನ ಹಳೆಯ ಹೆಗಲ ಕ್ಯಾಮೆರಾ ಹೊತ್ತು ತಾನೇ ಎಡಗಡೆ ಸೀಟಿನಲ್ಲಿ ಕೂತಳು. ಒಂದು ಸುತ್ತು, ಅಷ್ಟೇ. ಕ್ಯಾಮೆರಾದ ಕಣ್ಣಿಟ್ಟು ನೋಡುವ ಭಾಗ ಬಡಿದು ಹುಬ್ಬು ಊದಿಕೊಂಡಿತು. ಕಾರು ನಿಂತ ಕೂಡಲೇ ಇಳಿದು ಟಯರಿನ ಸಾಲಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಮಾರುತೇಶ ನೀರಿನ ಬಾಟಲಿ ತಂದುಕೊಟ್ಟು ಆಚೆ ತಿರುಗಿ ನಿಂತ. ಕ್ಯಾಸೆಟ್ಟಿನಲ್ಲಿ ಇದ್ದದ್ದು ಆಕಾಶ, ಕಾರಿನ ಮಾಡು, ಅವಳದೇ ಮೊಣಕಾಲು.

ಎರಡನೇ ಸಲ ಹೊಳಲ್ಕೆರೆಯ ಒಬ್ಬ ವಿಡಿಯೋದವರಿಂದ ಹೊಸ ಕ್ಯಾಮೆರಾ ಕೇಳಿ ತಂದಳು. ಟೇಪು ಬೇಡದ, ಒಳಗೆ ಹಾರ್ಡ್ ಡಿಸ್ಕ್ ಇದ್ದ ಕ್ಯಾಮೆರಾ. ಎಲ್ಲರೂ ಅದನ್ನು ಹೊಗಳುತ್ತಿದ್ದರು. ಸೀಟಿನ ಹಿಂದಿನ ಪೈಪಿಗೆ ಕಟ್ಟಿ ಬಿಟ್ಟರು. ಎರಡನೇ ತಿರುವಿಗೇ ನಿಂತುಹೋಗಿತ್ತು. ಮತ್ತೆ ಚಾಲು ಮಾಡಿದರೂ ಅದೇ ಕತೆ. ಅವಳು ಅದರ ಪುಸ್ತಕವನ್ನು ಕೂತು ಓದಿದಳು. ಕೈಜಾರಿ ಬಿದ್ದರೆ ಡಿಸ್ಕ್ ಹಾಳಾಗಬಾರದೆಂದು, ಬೀಳುವ ಸೂಚನೆ ಸಿಕ್ಕ ಕೂಡಲೇ ಅದು ತಾನೇ ನಿಂತುಬಿಡುತ್ತದಂತೆ.

“ಅದಕ್ಕೆ ಪ್ರತಿ ಹಳ್ಳದಲ್ಲೂ ತಾನು ಬಿದ್ದೆ ಅನ್ನಿಸ್ತೈತೆ” ಎಂದು ಅವಳು ಮನೆಯಲ್ಲಿ ಹೇಳಿದಾಗ, ಲೈನ್‌ಮನ್ ಆಗಿದ್ದ ಗಂಡ ಎತ್ತಪ್ಪ ನಕ್ಕ. “ತಪ್ಪೇನೈತೆ, ನೀನೂ ಹಂಗೇ ಅಲ್ವಾ ಒಂದೇ ಸುತ್ತಿಗೆ ಇಳಿದಿದ್ದು?”

ಮೂರನೆಯದು ಅವಳದೇ ಸಣ್ಣ ಟೇಪಿನ ಹ್ಯಾಂಡಿಕ್ಯಾಮ್. ಅದು ನಿಲ್ಲಲಿಲ್ಲ. ಆದರೆ ಕುಲುಕಿದಾಗೆಲ್ಲ ಚಿತ್ರ ಚೌಕ ಚೌಕವಾಗಿ ಒಡೆಯಿತು. ಗಾಜಿನಾಚೆ ಬರೀ ಬಿಳಿ, ಒಳಗೆ ಬರೀ ಕಪ್ಪು. ಅದರ ಲೆನ್ಸಿಗೆ ಅಗಲವೂ ಸಾಲದು. ಮುರುಗಪ್ಪನವರ ಒಂದು ಕಿವಿ ಬಿಟ್ಟರೆ ಅವರದೇನೂ ಕಾಣುತ್ತಿರಲಿಲ್ಲ.

ಆ ವಾರವೆಲ್ಲ ಅವಳು ಯೋಚಿಸಿದ್ದು ಒಂದನ್ನೇ. ನೋಡುವ ಕಣ್ಣು ಹಗುರವಿರಬೇಕು. ಬರೆದಿಟ್ಟುಕೊಳ್ಳುವ ಭಾಗ ಮಾತ್ರ ಎಲ್ಲಾದರೂ ಮೆತ್ತಗೆ ಮಲಗಿರಬೇಕು. ಎರಡೂ ಒಂದೇ ಡಬ್ಬಿಯಲ್ಲಿ ಏಕಿರಬೇಕು? ಚಿನ್ನದಂಗಡಿಗಳಲ್ಲಿ ಮೂಲೆಗೆ ಹಾಕುವ ಬೆರಳುದ್ದದ ಕ್ಯಾಮೆರಾ ಅವಳ ನೆನಪಿಗೆ ಬಂತು. ಎತ್ತಪ್ಪನಿಗೆ ಹೇಳಿದರೆ, ಅದು ಹನ್ನೆರಡು ವೋಲ್ಟಿನದು, ಕಾರಿನ ಬ್ಯಾಟರಿಯಿಂದಲೇ ಓಡುತ್ತದೆ ಎಂದ. ಇಬ್ಬರೂ ಬೆಳಗಿನ ಬಸ್ಸಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರು.

ಅಂಗಡಿಯವನು ನಾಲ್ಕು ಬಗೆಯವನ್ನು ಮೇಜಿನ ಮೇಲೆ ಸುರಿದ. ದುಬಾರಿಯದನ್ನು ಮುಂದೆ ತಳ್ಳಿ, ಚಿತ್ರ ಇದರಲ್ಲೇ ಸ್ಪಷ್ಟ ಎಂದ. ಚೌಡೇಶ್ವರಿ ನಾಲ್ಕನ್ನೂ ಒಂದೊಂದಾಗಿ ಟೀವಿಗೆ ಸೇರಿಸಲು ಹೇಳಿ, ಅವನನ್ನು ಕುರ್ಚಿಯಲ್ಲಿ ಕೂರಿಸಿದಳು.

“ಎರಡೂ ಕೈ ಮುಂದಕ್ಕೆ ಹಿಡ್ಕಳ್ರಿ. ಸ್ಟೇರಿಂಗ್ ಹಿಡ್ದಂಗೆ.”

ಅವನು ಸುತ್ತ ನೋಡಿ ನಾಚಿಕೊಂಡು ಹಿಡಿದ. ಅವಳು ಎರಡು ಅಡಿ ದೂರದಿಂದ ಕ್ಯಾಮೆರಾ ಹಿಡಿದು ಟೀವಿ ನೋಡಿದಳು. ದುಬಾರಿಯದರಲ್ಲಿ ಮೂಗು ಸ್ಪಷ್ಟವಾಗಿತ್ತು, ಕೈ ಇರಲಿಲ್ಲ. ಮೂರನೆಯದರಲ್ಲಿ ಮುಖವೂ ಎರಡು ಕೈಯೂ ಬಂದವು, ತುಸು ಮಸುಕು. ಅದನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಅಲುಗಾಡಿಸಿದಳು. ಅಂಗಡಿಯವನು ಎದ್ದು ನಿಂತ. ಟೀವಿಯ ಚಿತ್ರ ಮಾತ್ರ ಒಡೆಯಲಿಲ್ಲ. ತನ್ನ ಹ್ಯಾಂಡಿಕ್ಯಾಮನ್ನು ಚೀಲದಿಂದ ತೆಗೆದು ಅದಕ್ಕೆ ವೈರು ಸಿಕ್ಕಿಸಿ, ಹೊರಗಿನ ಚಿತ್ರವನ್ನು ಅದು ಒಳಕ್ಕೆ ತೆಗೆದುಕೊಳ್ಳುತ್ತದೆಯೋ ಇಲ್ಲವೋ ಎಂದು ಅಲ್ಲೇ ನೋಡಿದಳು. ತೆಗೆದುಕೊಂಡಿತು. ಇದೇ ಸಾಕು ಎಂದಳು.

ಮುಂದಿನ ಭಾನುವಾರ ಎತ್ತಪ್ಪ ಕಾರಿಗೆ ವೈರು ಎಳೆದ. ಹ್ಯಾಂಡಿಕ್ಯಾಮನ್ನು ಸ್ಪಂಜಿನಲ್ಲಿ ಸುತ್ತಿ ಹಳೆಯ ಸ್ಕೂಲ್ ಬ್ಯಾಗಿಗೆ ತುಂಬಿ ಹಿಂದೆ ಕಟ್ಟಿದರು. ಬೆರಳುದ್ದದ ಕ್ಯಾಮೆರಾವನ್ನು ಎತ್ತ ತಿರುಗಿಸಬೇಕು ಎಂಬಲ್ಲಿ ಜಗಳ ಹತ್ತಿತು.

“ರಸ್ತೆ ಕಾಣ್ಬೇಕಮ್ಮ. ನನ್ನ ಮುಖ ತಗಂಡು ಏನ್ ಮಾಡ್ತಿ?” ಎಂದರು ಮುರುಗಪ್ಪ.

“ಗಾಡಿ ತಾನೇ ಎಳೀತೈತೋ, ನೀವು ತಿರುಗಿಸ್ತೀರೋ ಅಂತ ಅಲ್ವಾ ನೋಡ್ಬೇಕಿರೋದು? ಅದು ರಸ್ತೇಲಿ ಕಾಣಲ್ಲ, ಕೈಯಲ್ಲಿ ಕಾಣ್ತೈತೆ.”

“ನಾನ್ಯಾಕೆ ಟಯರ್ ಕಡೆಗೆ ತಿರುಗಿಸ್ಲಿ?”

ಕೊನೆಗೆ ನಾಲ್ಕು ಸುತ್ತು ರಸ್ತೆ, ನಾಲ್ಕು ಸುತ್ತು ಮುಖ ಎಂದು ಒಪ್ಪಂದವಾಯಿತು. ಚೌಡೇಶ್ವರಿ ಅಷ್ಟಕ್ಕೇ ಬಿಡದೆ, ಅದೇ ಗುಂಪಿನಲ್ಲಿದ್ದ, ಚಿತ್ರದುರ್ಗದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಪ್ರಸನ್ನಕುಮಾರ್ ಎಂಬವರನ್ನು ಅದೇ ಕಾರಿನಲ್ಲಿ ನಾಲ್ಕು ಸುತ್ತು ಓಡಿಸುವಂತೆ ಕೇಳಿಕೊಂಡಳು. ಮುರುಗಪ್ಪ ಆವತ್ತೂ ಎರಡು ಸಲ ಟಯರಿಗೆ ತಾಗಿಸಿದರು. ಪ್ರಸನ್ನಕುಮಾರ್ ಒಂದು ಸಲವೂ ತಾಗಿಸಲಿಲ್ಲ. ಇದನ್ನು ಎಲ್ಲರೂ ನೋಡಿದರು.

ಮರುದಿನ ಮಧ್ಯಾಹ್ನ ಮಾರುತೇಶ ಬಸ್ಸು ಹತ್ತಿ ಹೊಸದುರ್ಗಕ್ಕೇ ಬಂದ. ಇಬ್ಬರೂ ಟೇಪು ನೋಡಿದರು. ಮೂರನೇ ತಿರುವಿನಲ್ಲಿ ಮುರುಗಪ್ಪನವರ ಕೈಗಳು ಸ್ಟೇರಿಂಗನ್ನು ಎಡಕ್ಕೆ ತಿರುಗಿಸುತ್ತಿದ್ದವು, ಬೇಕಾದ್ದಕ್ಕಿಂತ ಹೆಚ್ಚಾಗಿ. ಕಾರು ಎಳೆದಿದ್ದರೆ ಕೈ ಅದರ ವಿರುದ್ಧ ಬಿಗಿಯಬೇಕಿತ್ತು. ಬಿಗಿದಿರಲಿಲ್ಲ.

ಮಾರುತೇಶ ಉಸಿರು ಬಿಟ್ಟ. “ಈ ಟೇಪು ಕೊಡಕ್ಕ. ಬರೋ ಭಾನುವಾರ ಎಲ್ಲರ ಮುಂದೆ ಹಾಕಾಣ. ನಾಲ್ಕು ತಿಂಗ್ಳಿಂದ ಎಲ್ಲರೆದುರಿಗೇ ಬೈಸ್ಕಂಡಿದೀನಿ.”

ಅವಳು ಕೊಡುವವಳೇ ಇದ್ದಳು. ಕೈ ಚಾಚಿದ್ದಳು ಕೂಡ. ಅಷ್ಟರಲ್ಲಿ ಟೀವಿಯಲ್ಲಿ ಪ್ರಸನ್ನಕುಮಾರ್ ಮುಖ ಬಂತು. ತಿರುವು ಹತ್ತಿರವಾಗುತ್ತಿದ್ದಂತೆ ಅವರ ಕಣ್ಣುಗಳು ಮಾತ್ರ ಎಡಕ್ಕೆ ಸರಿದವು, ತಲೆ ನೆಟ್ಟಗಿತ್ತು. ಚೌಡೇಶ್ವರಿ ಟೇಪನ್ನು ಹಿಂದಕ್ಕೆ ಓಡಿಸಿದಳು. ಮುರುಗಪ್ಪ ಇಡೀ ತಲೆಯನ್ನೇ ತಿರುಗಿಸುತ್ತಿದ್ದರು. ಗದ್ದ ಭುಜಕ್ಕೆ ತಾಗುವಷ್ಟು. ಗುಂಪಿನಲ್ಲಿ ಯಾರನ್ನೋ ಹುಡುಕುವವರ ಹಾಗೆ. ಟಯರು ಕಂಡ ಕ್ಷಣದಲ್ಲಿ ಮುಖ ಬೆಚ್ಚುತ್ತಿತ್ತು, ಅದು ಅಲ್ಲಿರುವುದು ಈಗಷ್ಟೇ ಗೊತ್ತಾದಂತೆ. ನಾಲ್ಕು ಸುತ್ತಿನಲ್ಲೂ ಅದೇ.

ಸಾವಿರ ಮುಖಗಳನ್ನು ಕೂತು ನೋಡಿದ್ದವಳು ಟೀವಿ ಆರಿಸಿ ಟೇಪನ್ನು ಹೊರಗೆ ತೆಗೆದಳು.

“ಕೊಡಲ್ಲ ಮಾರುತೇಶ” ಎಂದಳು.

“ಯಾಕಕ್ಕ?”

“ನಿನ್ ಕೆಲಸ ಸರಿ ಐತೆ ಅಂತ ನಾನೇ ಬಂದು ಎಲ್ಲರೆದುರಿಗೆ ಹೇಳ್ತೀನಿ. ಟೇಪು ಬ್ಯಾಡ. ಇದ್ರಲ್ಲಿ ಇನ್ನೊಂದು ಐತೆ, ಅದನ್ನ ಮೊದ್ಲು ಅವರಿಗೆ ಹೇಳ್ಬೇಕು.”

ಮಾರುತೇಶ ಮುಖ ಸಿಂಡರಿಸಿಕೊಂಡೇ ಹೋದ. ಅವನಿಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನೂ ಕಾಣಲಿಲ್ಲ ಅವಳಿಗೆ.

ಮುರುಗಪ್ಪ ಬಂದಾಗ ಸ್ಟುಡಿಯೋದ ಬಾಗಿಲು ಮುಂದೆ ಮಾಡಿ ಟೇಪು ಹಾಕಿದಳು. ಮೊದಲು ಪ್ರಸನ್ನಕುಮಾರ್, ಆಮೇಲೆ ಅವರು. ಎರಡು ಸಲ ತೋರಿಸಿದಳು.

“ನಾನು ಹಿಂಗೆ ತಿರುಗ್ತೀನಾ?”

“ಹೂಂ ಅಣ್ಣಾರೆ. ಎಡಗಡೆ ನಿಮಗೆ ಕಾಣ್ತಾ ಇಲ್ಲ ಅನ್ಸುತ್ತೆ. ಒಂದ್ಸಲ ಕಣ್ಣು ತೋರಿಸ್ರಿ.”

“ಕೊಬ್ಬರಿ ಹೋಳಲ್ಲಿ ಕೂದಲೆಳೆ ಬಿರುಕು ಕಾಣ್ತೈತೆ ನನಗೆ.”

“ಎದುರಿಗಿರೋದು ಕಾಣ್ತೈತೆ. ಪಕ್ಕದ್ದು...”

“ನೀನು ಫೋಟೋ ತೆಗಿಯೋಳು ಚೌಡೇಶ್ವರಿ. ಡಾಕ್ಟ್ರಲ್ಲ.” ಅವರು ಎದ್ದರು. ದನಿ ಏರಿಸಲಿಲ್ಲ. ಹೊರಗೆ ಹೋಗುವಾಗ ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ತಾಗಿತು, ಅವರು ನಿಲ್ಲಲಿಲ್ಲ.

ಮುಂದಿನ ಟ್ರ್ಯಾಕ್ ಡೇಗೆ ಅವರು ಬರಲಿಲ್ಲ. ಚೌಡೇಶ್ವರಿ ಮಾತ್ರ ಹೋಗಿ, ಕಾರಿನ ವೀಲಿನಲ್ಲಿ ದೋಷವಿಲ್ಲ, ಟೇಪಿನಲ್ಲಿ ತಾನು ನೋಡಿದ್ದೇನೆ ಎಂದು ಎಲ್ಲರಿಗೂ ಹೇಳಿದಳು. ಟೇಪು ಎಲ್ಲಿ ಎಂದು ಒಬ್ಬರು ಕೇಳಿದ್ದಕ್ಕೆ ತಂದಿಲ್ಲ ಎಂದಳು. ಆ ತಿಂಗಳು ಮುರುಗಪ್ಪನವರ ಅಣ್ಣನ ಮಗಳು ಶಿವಗಂಗಾಳ ನಿಶ್ಚಿತಾರ್ಥ ನಡೆಯಿತು. ವಿಡಿಯೋಗೆ ಚಿತ್ರದುರ್ಗದಿಂದ ಬೇರೆಯವರು ಬಂದಿದ್ದರಂತೆ. ಹೇಳಬಾರದಿತ್ತೇನೋ ಎಂದು ಅವಳಿಗೆ ಒಂದೊಂದು ಸಲ ಅನ್ನಿಸುತ್ತಿತ್ತು. ಆದರೆ ಹೆದ್ದಾರಿಯಲ್ಲಿ ಅವರು ಎಂದಿನಂತೆ ಗಾಡಿ ಓಡಿಸುತ್ತಲೇ ಇದ್ದಾರಲ್ಲ ಎಂದು ನೆನಪಾದಾಗ, ಇನ್ನೊಂದು ಸಲ ಹೋಗಿ ಹೇಳಬೇಕೇನೋ ಎನ್ನಿಸುತ್ತಿತ್ತು. ಎರಡು ಸಲ ಮಂಡಿಯ ಬಾಗಿಲವರೆಗೂ ಹೋಗಿ ವಾಪಸು ಬಂದಳು.

ಮೂರನೇ ವಾರ ಮುರುಗಪ್ಪನವರ ಹೆಂಡತಿ ವೀರಮ್ಮ ಬಂದರು. ಒಬ್ಬರೇ.

“ಅದೇನು ತೋರಿಸ್ದೆ ಅವರಿಗೆ? ಅವತ್ತಿಂದ ಮನೇಲಿ ಮಾತಿಲ್ಲ. ನಂಗೂ ತೋರಿಸು.”

“ಕುಂತ್ಕಳ್ರಿ ಅಕ್ಕಾರೆ.”

ವೀರಮ್ಮ ಒಂದೇ ಸಲ ನೋಡಿದರು. ಆಮೇಲೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಮೆಲ್ಲಗೆ ಹೇಳಿದರು: “ಊಟಕ್ಕೆ ಕುಂತಾಗ ಎಡಗಡೆ ಬಡಿಸಿದ ಪಲ್ಯ ಹಂಗೇ ಇರ್ತೈತೆ. ನನ್ ಕೈ ರುಚಿ ಕೆಟ್ಟೈತೆ ಅಂದ್ಕಂಡಿದ್ದೆ. ಒಂದು ವರ್ಷದಿಂದ ಉಪ್ಪು ಖಾರ ಬದಲಾಯಿಸ್ತಾನೇ ಇದೀನಿ.”

ಅವರು ಗಂಡನನ್ನು ಹೇಗೆ ಒಪ್ಪಿಸಿದರೋ ಗೊತ್ತಿಲ್ಲ. ಮರುವಾರ ಇಬ್ಬರೂ ದಾವಣಗೆರೆಯ ಕಣ್ಣಿನ ಡಾಕ್ಟರ ಬಳಿ ಹೋದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸವೆದಿತ್ತು. ಎರಡೂ ಕಣ್ಣಿಗೆ ಪಕ್ಕದ ನೋಟ ಕುಗ್ಗಿತ್ತು, ಎಡಗಡೆಯದು ಹೆಚ್ಚು. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ಜೀವನಪೂರ್ತಿ ತೊಟ್ಟು ಮದ್ದು ಬಿಡಬೇಕು ಎಂದರು ಡಾಕ್ಟರು. ಸ್ಟೇರಿಂಗ್ ಮುಟ್ಟಬೇಡಿ ಎಂದೂ ಹೇಳಿದರು.

ಮುರುಗಪ್ಪ ಮೊದಲು ಹೋದದ್ದು ಚಿತ್ರದುರ್ಗದ ಗ್ಯಾರೇಜಿಗೆ. ಬಸ್ಸಿನಲ್ಲಿ. ಬೆಂಚಿನ ಮೇಲೆ ಕೂತು, ಮಾರುತೇಶ ಕೈ ಒರೆಸಿಕೊಂಡು ಬರುವವರೆಗೂ ಕಾದರಂತೆ.

“ನಿನ್ ವೀಲು ಸರಿ ಐತಲೇ. ನನ್ ಕಣ್ಣೇ ವಾಲೈತೆ” ಎಂದರಂತೆ. ಮಾರುತೇಶ ಟೀ ತರಿಸಿದನಂತೆ. ಹೊರಡುವಾಗ ಕಾರಿನ ಕೀಲಿಯನ್ನು ಬೆಂಚಿನ ಮೇಲೆ ಬಿಟ್ಟು, “ಬರೋ ಭಾನುವಾರ ನೀನು ಓಡ್ಸು, ನಾನು ಟೈಮ್ ಬರ್ಕಂತೀನಿ” ಎಂದರಂತೆ. ಇದನ್ನೆಲ್ಲ ಮಾರುತೇಶನೇ ಚೌಡೇಶ್ವರಿಗೆ ಹೇಳಿದ್ದು.

ಅವಳ ಬಳಿಗೆ ಬರಲು ಅವರು ಇನ್ನೂ ಹತ್ತು ದಿನ ತೆಗೆದುಕೊಂಡರು.

“ಆ ಟೇಪು ಎಷ್ಟು ಜನ ನೋಡಿದಾರೆ?”

“ನಾನು, ನೀವು, ಅಕ್ಕಾರು. ಮಾರುತೇಶ ಕೈ ನೋಡ್ಕಂಡು ಹೋದ, ಮುಖ ಗಮನಿಸಲಿಲ್ಲ.”

ಅವರು ಅದನ್ನು ಕೇಳಿ ಪಡೆದು ಜೇಬಿಗೆ ಹಾಕಿಕೊಂಡರು. ಶಿವಗಂಗಾಳ ಮದುವೆ ವೈಶಾಖದಲ್ಲಿ ಸಿರಿಗೆರೆಯಲ್ಲಿ, ಬಂದುಬಿಡು ಎಂದಷ್ಟೇ ಹೇಳಿ ಹೊರಟರು. ಈ ಸಲ ಬಾಗಿಲ ಬಳಿ ನಿಂತು, ತಲೆ ಎಡಕ್ಕೆ ತಿರುಗಿಸಿ ನೋಡಿ, ದಾಟಿದರು.

ಮದಕರಿಪುರದ ಟ್ರ್ಯಾಕ್ ಇನ್ನೂ ಮೂರು ವರ್ಷ ನಡೆಯಿತು. ಉಳಿದವರೂ ತಮ್ಮ ಕಾರಿಗೆ ಅದೇ ಬಗೆಯ ಕ್ಯಾಮೆರಾ ಹಾಕಿಸಿಕೊಂಡರು. ಯಾವ ಲೆನ್ಸು, ಎಲ್ಲಿ ಕೂರಿಸಬೇಕು ಎಂದು ಹಿರಿಯೂರಿನಿಂದಲೂ ಜನ ಬಂದು ಅವಳನ್ನು ಕೇಳಿದರು. ೨೦೦೯ರಲ್ಲಿ ಜಾಗದ ಒಡೆಯರು ಅಲ್ಲಿ ಸೈಟು ಮಾಡಲು ಹೊರಟಾಗ ಕೊನೆಯ ಟ್ರ್ಯಾಕ್ ಡೇ ಬಂತು. ಆವತ್ತು ಮಾರುತೇಶ ಬಿಡದೆ ಒತ್ತಾಯ ಮಾಡಿದ್ದಕ್ಕೆ ಚೌಡೇಶ್ವರಿ ಅವನು ಓಡಿಸುವ ಕಾರಿನ ಎಡಗಡೆ ಸೀಟಿನಲ್ಲಿ ಇನ್ನೊಮ್ಮೆ ಕೂತಳು. ಬರಿಗೈಯಲ್ಲಿ. ಎರಡೂ ಕೈಯಿಂದ ಪೈಪು ಹಿಡಿದುಕೊಂಡು, ಕಣ್ಣು ಮುಚ್ಚದೆ ಒಂದು ಸುತ್ತು ಬಂದಳು.

ಇಳಿದವಳು ಸ್ವಲ್ಪ ಹೊತ್ತು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಮುರುಗಪ್ಪ ಗಡಿಯಾರ ಹಿಡಿದುಕೊಂಡೇ ಹತ್ತಿರ ಬಂದು ಹೇಗಿತ್ತು ಎಂದು ಕೇಳಿದರು.

“ಎರಡನೇ ತಿರುವಲ್ಲಿ ಬ್ರೇಕ್ ಲೇಟಾಗಿ ಹಾಕ್ದ” ಎಂದಳು.

ಮುರುಗಪ್ಪ ಚೀಟಿ ನೋಡಿದರು. “ಹೌದಲೇ ಮಾರುತೇಶ. ಹೋದ ಸುತ್ತಿಗಿಂತ ಒಂದು ಸೆಕೆಂಡ್ ಜಾಸ್ತಿ ಐತೆ.”