ಸೂಜಿಮಾವ ಬೇಡಿಕೊಂಡ ತಪ್ಪು

ಓಣಿಯ ಮಕ್ಕಳಿಗೆ ಅವನು ಸೂಜಿಮಾವ. ಡಾಕ್ಟರೂ ಅಲ್ಲ, ದರ್ಜಿಯೂ ಅಲ್ಲ. ಸಮುದ್ರದಲ್ಲಿ ಮುಳುಗಿ, ಹವಳ ತಿನ್ನುವ ಮುಳ್ಳು ನಕ್ಷತ್ರಮೀನುಗಳಿಗೆ ಉದ್ದದ ಸೂಜಿಯಿಂದ ವಿನೆಗರ್ ಚುಚ್ಚಿ ಕೊಲ್ಲುವುದು ಅವನ ಕಸುಬಾಗಿತ್ತು. ನಕ್ಷತ್ರವೆಂಬ ಹೆಸರು ಕೇಳಿ ಮೋಸ ಹೋಗಬೇಡಿ. ಅದು ಊಟದ ತಟ್ಟೆಗಿಂತ ಅಗಲದ, ಮೈತುಂಬ ಮುಳ್ಳಿರುವ ಬರೀ ಹೊಟ್ಟೆಬಾಕ. ಹವಳದ ಮೇಲೆ ಕವುಚಿ ಕೂತು, ತನ್ನ ಹೊಟ್ಟೆಯನ್ನೇ ಹೊರಗೆ ಚಾಚಿ, ಜೀವವಿದ್ದದ್ದನ್ನೆಲ್ಲ ಅರಗಿಸಿ, ಬೆಳ್ಳಗಿನ ಮೂಳೆಯಂಥದ್ದನ್ನು ಬಿಟ್ಟು ಮುಂದಕ್ಕೆ ತೆವಳುತ್ತದೆ. ಒಂದನ್ನು ಕೊಂದು ತಲೆ ಎತ್ತುವಷ್ಟರಲ್ಲಿ ಇನ್ನೊಂದು ಹಾಜರು.

"ನಿಮ್ದೂ ಕ್ಷೌರದಂಗಡಿಯವನ ಬಾಳೇ," ಎಂದು ಹೆಂಡತಿ ಛೇಡಿಸುತ್ತಿದ್ದಳು. "ಎಷ್ಟು ಕತ್ತರಿಸಿದ್ರೂ ಬೆಳೀತಾನೇ ಇರುತ್ತೆ. ಅವನಾದ್ರೂ ಒಣಗಿದ ನೆಲದ ಮೇಲೆ ನಿಂತಿರ್ತಾನೆ."

ಇಳಿದೂ ಇಳಿದೂ ಅವನ ಎಡಗಿವಿ ಹೋಯಿತು. ಬೆರಳ ಗೆಣ್ಣುಗಳಲ್ಲಿ ಮುರಿದು ಉಳಿದ ಮುಳ್ಳುಗಳಿಂದ ಕೈಗಳು ಊದಿಕೊಂಡೇ ಇದ್ದವು. ಇನ್ನು ಮುಳುಗಿದರೆ ಬಲಗಿವಿಯ ಆಸೆಯನ್ನೂ ಬಿಟ್ಟುಬಿಡು ಎಂದರು ಡಾಕ್ಟರು. ಇಷ್ಟೆಲ್ಲ ಪಾಡುಪಟ್ಟು ಗಳಿಸಿದ್ದೇನು ಅಂದರೆ, ತೀರದಿಂದ ದೂರದ ಒಂದು ಸಣ್ಣ ಹವಳದ ದಿಬ್ಬ. ಸುತ್ತಲಿನ ದಿಬ್ಬಗಳೆಲ್ಲ ಬೆಳ್ಳಗಾದರೂ ಅದೊಂದು ಉಳಿದಿತ್ತು. ಅವನೂ, ಅವನ ಜೊತೆಗೇ ಮುಳುಗುತ್ತಿದ್ದ ಹೆಂಡತಿಯ ತಮ್ಮನೂ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದರು. ಆಯುಷ್ಯದಲ್ಲಿ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ಬೆರಳು ತೋರಿಸಲು ಇದ್ದದ್ದು ಅದೊಂದೇ.

ಮುಳುಗುವುದು ನಿಂತ ಮೇಲೆ ಪ್ರಯೋಗಾಲಯದ ಮೇಡಂ ಅವನನ್ನು ನೀರು ತುಂಬಿ ತರುವ ಕೆಲಸಕ್ಕೆ ಹಾಕಿಕೊಂಡರು. ಆಕೆ ಹುಳಹುಪ್ಪಟೆಯ ವಂಶ ಜಾಲಾಡುವವರು. "ಯಾವ ಪ್ರಾಣಿಯೇ ಆಗ್ಲಿ, ಮೈಯಿಂದ ಚೂರುಪಾರು ನೀರಿಗೆ ಉದುರಿಸ್ತಾ ಇರುತ್ತೆ. ಅದರಲ್ಲಿ ಅದರ ಡಿಎನ್ಎ ಇರುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಇದ್ರೂ ಒಂದು ಸೀಸೆ ನೀರು ಸಾಕು, ಸಿಕ್ಕಿಬೀಳುತ್ತೆ," ಎಂದು ವಿವರಿಸಿದರು.

"ಮತ್ತೆ ನಾನು ಇಷ್ಟು ವರ್ಷ ಕಿವಿ ಕೆಡಿಸ್ಕೊಂಡಿದ್ದು ಯಾಕೆ ಮೇಡಂ?"

ಮೇಡಂ ನಕ್ಕರು. ಒಂದೊಂದು ಸೀಸೆಗೂ ಹೊಸ ಗ್ಲೌಸು ಹಾಕಿಕೊಳ್ಳಬೇಕು, ಇದನ್ನು ಮಾತ್ರ ಮರೆಯಬೇಡಿ ಎಂದು ತಾಕೀತು ಮಾಡಿದರು.

ಮೊದಲ ಸುತ್ತಿನ ಫಲಿತಾಂಶ ಬಂದ ದಿನ ಮೇಡಂ ಅವನನ್ನು ಒಳಗೆ ಕರೆದು ಕುರ್ಚಿ ತೋರಿಸಿದರು. ಕುರ್ಚಿ ತೋರಿಸಿದಾಗಲೇ ಸುದ್ದಿ ಒಳ್ಳೆಯದಲ್ಲ ಎಂದು ಅವನಿಗೆ ಗೊತ್ತಾಯಿತು.

"ನಿಮ್ಮ ಸಣ್ಣ ದಿಬ್ಬದ ನೀರಲ್ಲೂ ಮುಳ್ಳು ನಕ್ಷತ್ರದ ಡಿಎನ್ಎ ಇದೆ. ಈಗಿನ್ನೂ ಮರಿಗಳಿರಬಹುದು. ಆದ್ರೆ ಮರಿ ಬಂತು ಅಂದ್ರೆ ಹಿಂಡು ಬಂದ ಹಾಗೇ."

ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಕೂಲಿ ಇಸ್ತ್ರಿಗೆ ಬಂದ ಆಸ್ಪತ್ರೆಯ ಹೊದಿಕೆಗಳು ಮಂಚದ ತುಂಬ ಇದ್ದವು. ಕೂರಲು ಜಾಗವಿಲ್ಲದೆ ಅವನು ನೆಲಕ್ಕೇ ಕುಸಿದ. ಎಲ್ಲ ಕೇಳಿಕೊಂಡ ಅವಳು ಅವನ ಕೈಯನ್ನೇ ನೋಡಿದಳು.

"ಅಲ್ರೀ, ಆ ತೆಳು ಗ್ಲೌಸು ಈ ಬೆರಳಿಗೆ ಹೇಗೆ ಹತ್ತುತ್ತೆ?"

ಹತ್ತಿರಲಿಲ್ಲ! ಸಣ್ಣ ದಿಬ್ಬದ ಹತ್ತಿರ ಅವು ಒಂದರ ಹಿಂದೊಂದು ಹರಿದಿದ್ದವು. ಬೇಸತ್ತು, ದೋಣಿಯಲ್ಲಿ ಬಿದ್ದಿದ್ದ ತನ್ನ ಹಳೆಯ ದಪ್ಪ ಗ್ಲೌಸನ್ನೇ ಏರಿಸಿ ಸೀಸೆ ಮುಳುಗಿಸಿದ್ದ. ಮುಳ್ಳು ನಕ್ಷತ್ರಗಳ ಮಾರಣಹೋಮ ಮಾಡಿದ ಗ್ಲೌಸು! ಅವುಗಳ ಮೈಯ ಚೂರು ಅದರಲ್ಲಲ್ಲದೆ ಇನ್ನೆಲ್ಲಿರುತ್ತದೆ? ನೀರು ಶುದ್ಧವಾಗಿಯೇ ಇದೆ, ಹೊಲಸಾಗಿದ್ದದ್ದು ತನ್ನ ಕೈ. ತಪ್ಪು ಮಾಡಿ ಇಷ್ಟು ಖುಷಿಪಟ್ಟ ಮನುಷ್ಯನನ್ನು ಆ ಓಣಿ ಕಂಡಿರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಪ್ರಯೋಗಾಲಯಕ್ಕೆ ಓಡಿದ.

ಮೇಡಂ ಹಿಗ್ಗಾಮುಗ್ಗಾ ಬೈದರು. ಹೇಳಿದ್ದು ಆ ಒಂದು ಕಿವಿಗೂ ಬೀಳಲಿಲ್ಲವೇ ಎಂದರು. ಅವನು ಬೈಗುಳವನ್ನೆಲ್ಲ ಆಶೀರ್ವಾದದ ಹಾಗೆ ತಲೆಬಾಗಿ ತೆಗೆದುಕೊಂಡ. ಬೈದು ಮುಗಿದ ಮೇಲೆ ಆಕೆಯೇ ಅತಿ ದೊಡ್ಡ ಅಳತೆಯ ಗ್ಲೌಸು ತರಿಸಿ ಕೊಟ್ಟರು.

ಈ ಸಲ, ಎಂದೂ ಮುಳ್ಳು ನಕ್ಷತ್ರ ಕೊಲ್ಲುವ ಕೆಲಸಕ್ಕೆ ಹೋಗದ ಬೇರೆಯವರ ದೋಣಿ ಕೇಳಿ ತಂದರು. ಹೊರಡುವ ಮುನ್ನ ಸೂಜಿಮಾವ ಮೊಣಕೈವರೆಗೂ ಸೋಪು ಹಚ್ಚಿ ತಿಕ್ಕಿದ, ಮತ್ತೆ ತಿಕ್ಕಿದ, ಬೆರಳ ಸಂದಿಯಲ್ಲಿ ರಕ್ತ ಜಿನುಗಿತು.

"ಸಾಕು ಭಾವ, ಮದುವೆ ದಿನಾನೂ ನೀನು ಇಷ್ಟು ತೊಳ್ಕೊಂಡಿರ್ಲಿಲ್ಲ," ಎಂದ ಭಾವಮೈದ, ಚುಕ್ಕಾಣಿ ಹಿಡಿಯುತ್ತ. ಇಬ್ಬರೂ ತುಂಬ ದಿನಗಳ ಮೇಲೆ ನಕ್ಕರು. ಒಂದೊಂದಕ್ಕೂ ಹೊಸ ಗ್ಲೌಸು ಹಾಕಿ ಸೂಜಿಮಾವ ಮೂರು ಸೀಸೆ ತುಂಬಿದ. ದಿಬ್ಬದ ಮೇಲಿನ ನೀರು ತಿಳಿಯಾಗಿತ್ತು, ಕೆಳಗೆ ಹವಳದ ಬಣ್ಣ ಕಾಣುತ್ತಿತ್ತು. ಇಂಥ ಕಡೆ ಪಿಡುಗು ಎಲ್ಲಿಂದ ಬರಬೇಕು ಎನ್ನಿಸಿತು ಅವನಿಗೆ.

ಫಲಿತಾಂಶ ಕೇಳಲು ಇಬ್ಬರೂ ಒಟ್ಟಿಗೇ ಹೋದರು. ಮೇಡಂ ಈ ಸಲ ಕುರ್ಚಿ ತೋರಿಸಲಿಲ್ಲ, ತಾವೇ ಎದ್ದು ನಿಂತರು. ಮೊನ್ನೆ ಬೈದದ್ದಕ್ಕೆ ಅವರಿಗೆ ನಾಚಿಕೆಯಾಗಿತ್ತು.

"ಮೂರೂ ಸೀಸೆಯಲ್ಲಿ ಇದೆ. ನಾನು ಸುಮ್ಮನೆ ನಿಮ್ಮ ಮೇಲೆ ರೇಗಿದೆ. ತಪ್ಪು ನಿಮ್ಮದಲ್ಲ."

ಸೂಜಿಮಾವನಿಗೆ ಒಮ್ಮೆಲೇ ಅಷ್ಟೂ ವರ್ಷಗಳ ದಣಿವು ಮೈಮೇಲೆ ಬಂದು ಬಿದ್ದಂತಾಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡ.

"ನನ್ನದೇ ಮೇಡಂ," ಎಂದ. "ಸೋಮಾರಿತನ ಮಾಡ್ದೆ. ಕೈ ಸರಿಯಾಗಿ ತೊಳೀಲಿಲ್ಲ. ಇನ್ನೊಂದೇ ಒಂದು ಸಲ ನೋಡಿ."

ಮೇಡಂ ಭಾವಮೈದನ ಮುಖ ನೋಡಿದರು. ಅವನು ನೆಲ ನೋಡಿದ.

"ಹೌದು ಮೇಡಂ," ಎಂದ. "ಭಾವ ತೊಳೀಲೇ ಇಲ್ಲ. ನಾನೇ ಪಕ್ಕದಲ್ಲಿದ್ದೆ."