ಧರ್ಮಪುರದ ಹೆಪ್ಪು, ದುರ್ಗದ ಹಾಲು

ನಮ್ಮ ಅಡುಗೆಮನೆಯ ಗೂಡಿನಲ್ಲೊಂದು ಪುಟ್ಟ ಸ್ಟೀಲ್ ಡಬ್ಬಿಯಿದೆ. ಮುಚ್ಚಳ ಸೊಟ್ಟಗಾಗಿದ್ದರೂ ಎಸೆಯಲು ಮನಸ್ಸಿಲ್ಲ, ಏಕೆಂದರೆ ಧರ್ಮಪುರದ ನಮ್ಮಕ್ಕನ ಮನೆಯಿಂದ ಹೆಪ್ಪು ತಂದ ಡಬ್ಬಿ ಅದು. ದೀಪ ಹಚ್ಚಿದ ಮೇಲೆ ಹೆಪ್ಪು ಹೊಸಿಲು ದಾಟಬಾರದೆಂಬುದು ಅಕ್ಕನ ಕಟ್ಟಳೆ. ಹಾಗಾಗಿ ಮಧ್ಯಾಹ್ನದ ಬಸ್ಸಿಗೇ ಹೊರಟು, ಕೂಸಿನಂತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿರಿಯೂರು ದಾಟಿ ದುರ್ಗಕ್ಕೆ ಬಂದದ್ದನ್ನು ನೆನೆದರೆ ನನಗೇ ನಗು.

ಆ ಪ್ರಯಾಣಕ್ಕೆ ಕಾರಣ ನನ್ನ ಹೊಟ್ಟೆ. ದುರ್ಗದಲ್ಲೇ ಡಾಕ್ಟರಾಗಿರುವ ಅಕ್ಕನ ಮಗಳು ನನ್ನ ಸೊಂಟಕ್ಕೆ ಟೇಪು ಸುತ್ತಿ, "ಮಾಮ, ಮೂರು ತಿಂಗ್ಳು ಟೈಮು. ಇದು ಇಳೀಲಿಲ್ಲ ಅಂದ್ರೆ ಶುಗರ್ ಮಾತ್ರೆ ಶುರು" ಎಂದಿದ್ದಳು. ಜೊತೆಗೊಂದು ವಿಚಿತ್ರ ಸುದ್ದಿ: ನಮ್ಮ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳ ದೊಡ್ಡ ಸಂಸಾರವೇ ಇದೆಯಂತೆ, ಮನೆಯೊಡೆಯ ದಪ್ಪಗಾದರೆ ಅವೂ ಆ ಮೈಗೆ, ಆ ಊಟಕ್ಕೆ ಹೊಂದಿಕೊಳ್ಳುತ್ತ, ತಲೆಮಾರಿನಿಂದ ತಲೆಮಾರಿಗೆ ತಮ್ಮ ವಂಶವಾಹಿಗಳನ್ನೇ ತಿದ್ದಿಕೊಳ್ಳುತ್ತವಂತೆ.

ನನ್ನವು ಹಾಳಾಗಿವೆ, ಅಕ್ಕನೋ ಕಡ್ಡಿಯಂತಿದ್ದಾಳೆ. ಅವಳ ಮನೆಯ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ತಂದು ನನ್ನ ಹೊಟ್ಟೆಯಲ್ಲಿ ಒಕ್ಕಲಿರಿಸಿದರೆ ಆಯಿತು ಎಂದುಕೊಂಡೆ. ಹೆಪ್ಪು ತಂದು ನಮ್ಮನೆ ಹಾಲಿಗೆ ಹಾಕಿದೆ. ಬೆಳಿಗ್ಗೆ ಆ ಮೊಸರಿಗೆ ಎರಡು ಚಮಚ ಸಕ್ಕರೆ, ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಮೇಲೆ ಅದೇ ಮೊಸರು ಒಂದು ಲೋಟ. ಒಂದು ತಿಂಗಳಿಗೆ ಟೇಪು ಇನ್ನೊಂದಿಂಚು ಬೇಡಿತು.

ಖಾಲಿ ಡಬ್ಬಿ ಹಿಡಿದು ಮತ್ತೆ ಹೋದೆ. ಅಕ್ಕ ಕಡಲೆಕಾಯಿ ಬಿಡಿಸುತ್ತ ಕುಂತಿದ್ದಳು.

"ನಿನ್ನ ಹೆಪ್ಪು ಕೆಲ್ಸ ಮಾಡ್ಲಿಲ್ಲ ಕಣಕ್ಕ."

"ಲೇ, ನಮ್ಮನೆ ಹೆಪ್ಪನ್ನ ನಿಮ್ಮನೆ ಹಾಲಿಗೆ ಹಾಕಿದ್ರೆ ನಾಕು ದಿನಕ್ಕೆ ಅದು ನಿಮ್ಮನೆ ಮೊಸರೇ ಆಗ್ತೈತೆ. ಪಾಪ, ಅದನ್ಯಾಕೆ ಬಯ್ತೀಯ? ನೀನು ಕೊಟ್ಟಿದ್ದು ತಿಂದು ಬದುಕ್ಬೇಕಲ್ಲ ಅದು!"

ನೋಡಿ, ಮಗಳ ಪಾಠವನ್ನು ತಾಯಿ ಒಂದೇ ಉಸಿರಿನಲ್ಲಿ ಮುಗಿಸಿದಳು. ನನ್ನೊಳಗಿನ ಆ ಒಕ್ಕಲುಗಳು ನನಗೇನೂ ದ್ರೋಹ ಬಗೆದಿರಲಿಲ್ಲ; ನನ್ನ ಬಾಯಿಚಪಲಕ್ಕೆ ತಕ್ಕಂತೆ ತಮ್ಮನ್ನೇ ಬದಲಿಸಿಕೊಂಡು, ಗೊಣಗದೆ ಬಾಳಿದ್ದವು. ಬಜ್ಜಿಗೇ ಇಷ್ಟು ಹೊಂದಿಕೊಂಡವು ಅಕ್ಕ ದಿನವೂ ಉಣ್ಣುವ ನವಣೆಗೆ ಹೊಂದಿಕೊಳ್ಳಲಾರವೇ?

ಅಕ್ಕ ಈ ಸಲ ಹೆಪ್ಪು ಕೊಡಲಿಲ್ಲ. ಒಂದು ಚೀಲ ನವಣಕ್ಕಿ ಕೊಟ್ಟು, ಡಬ್ಬಿಯನ್ನು ನನ್ನ ಕೈಗಿಟ್ಟು, "ಒಂದೊತ್ತಿಗೆ ಇದರ ತುಂಬ. ಗೋಪುರ ಕಟ್ಬ್ಯಾಡ" ಎಂದಳು.

ಮೂರನೆಯ ತಿಂಗಳ ಕೊನೆಗೆ, ಹೆಚ್ಚಾಗಿದ್ದ ಇಂಚು ಇಳಿದು, ಅದರ ಹಿಂದೆ ಇನ್ನರ್ಧ ಇಂಚೂ ಹೋಗಿತ್ತು. ಡಾಕ್ಟರಮ್ಮ ಹುಬ್ಬೇರಿಸಿ, "ಮಾತ್ರೆ ಸದ್ಯಕ್ಕೆ ಬ್ಯಾಡ, ಹಿಂಗೇ ನಡೀಲಿ" ಎಂದಳು. ಡಬ್ಬಿ ಈಗಲೂ ಅದೇ ಗೂಡಿನಲ್ಲಿದೆ, ಅಳತೆಯ ಪಾತ್ರೆಯಾಗಿ. ದಿನವೂ ತುಂಬುತ್ತೇನೆ, ಬೆರಳಿನಿಂದ ಮಟ್ಟಸ ಮಾಡುತ್ತೇನೆ, ಆಮೇಲೆ ಹೊಟ್ಟೆ ಸವರಿ ಒಳಗಿನವರನ್ನು ಕೇಳುತ್ತೇನೆ: "ಸಾಕೇನ್ರಪ್ಪ?"