ಹೊಗಳಿದ್ದಕ್ಕೆ ಹೆದರಿದ ರೈಟರ್

ಸ್ನೇಹಿತರೇ, ನಮ್ಮ ಗಿರೀಶನ ಕೆಲಸ ಉಳಿದಿದೆಯೋ ಹೋಗಿದೆಯೋ ಎಂಬುದು ಇಂದು ಸಂಜೆಯವರೆಗೂ ಸ್ಪಷ್ಟವಾಗಿಲ್ಲ. ಇದನ್ನು ನನಗೆ ತಿಳಿಸಿದವನು ಗಿರೀಶನೇ, ಗೋಣಿಕೊಪ್ಪಲಿನ ಬಸ್ ನಿಲ್ದಾಣದಲ್ಲಿ. ಅವನು ಪಾಲಿಬೆಟ್ಟದ ಕಾಫಿ ಎಸ್ಟೇಟೊಂದರಲ್ಲಿ ರೈಟರ್. ಕೆಲಸದಾಳುಗಳ ಉಸ್ತುವಾರಿ ಅವನದು.

"ಹೊಸ ಮ್ಯಾನೇಜರು ಆಫೀಸಿಗೆ ಕರೆದು ಕೂರಿಸಿದ್ರು ಮಾರಾಯ. ಮೊದಲು ಚೆನ್ನಾಗಿ ಹೊಗಳಿದ್ರು. ನಡುವೆ, ಕಾಫಿ ಪಿಕಿಂಗಲ್ಲಿ ಹಣ್ಣಿನ ಜೊತೆ ಹಸಿರು ಕಾಯಿ ಜಾಸ್ತಿ ಬರ್ತಿದೆ ಅಂದ್ರು. ಆಮೇಲೆ ಮತ್ತೆ ಹೊಗಳಿದ್ರು."

"ಒಳ್ಳೇದೇ ಆಯ್ತಲ್ಲ?"

"ಏನು ಒಳ್ಳೇದು? ನಮ್ಮ ಎಸ್ಟೇಟಲ್ಲಿ ರೈಟರನ್ನ ಹೊಗಳೋದು ಶಾಲು ಹೊದಿಸಿ ಮನೆಗೆ ಕಳಿಸೋ ದಿನ ಮಾತ್ರ. ಕ್ವಾರ್ಟರ್ಸ್ ಖಾಲಿ ಮಾಡ್ಬೇಕಾ ಅಂತ ಹೆಂಡತಿ ಆಗಲೇ ಅಳ್ತಿದ್ದಾಳೆ."

"ನೇರವಾಗಿ ಕೇಳಬಹುದಿತ್ತಲ್ಲೋ."

"ಕೇಳ್ದೆ. 'ಸಾರ್, ನಾನೀಗ ಏನು ಮಾಡ್ಲಿ?' ಅಂದೆ. 'ಅದನ್ನ ನೀವೇ ಯೋಚಿಸಿ ಹೇಳಿ, ಗಿರೀಶ್' ಅಂತ ನಕ್ಕರು. ಹೆಗಲ ಮೇಲೆ ಕೈ ಬೇರೆ ಇಟ್ರು!"

ಹೊಗಳಿಕೆಯ ನಡುವೆ ತಪ್ಪು ಹೇಳಿ ಸಿಬ್ಬಂದಿಯನ್ನು ತಿದ್ದುವ ಹೊಸ ಕ್ರಮ ಇದಂತೆ. ಮ್ಯಾನೇಜರು ಎಲ್ಲೋ ತರಬೇತಿ ಪಡೆದು ಬಂದಿದ್ದಾರೆ. ಹಸಿರು ಕಾಯಿಯ ಮಾತನ್ನು ಗಿರೀಶ ಮತ್ತೆ ಎತ್ತಲೇ ಇಲ್ಲ.

ನಾಳೆ ಬೆಳಿಗ್ಗೆ ಎಂಟಕ್ಕೆ ಎಸ್ಟೇಟಿನಲ್ಲಿ ಹಾಜರಿ. ಗಿರೀಶ ಹೋಗುತ್ತಾನೆ. ಮ್ಯಾನೇಜರು ಬೈದರೆ ಕೆಲಸ ಉಳಿದಿದೆ ಎಂದು ತಿಳಿದುಕೊಳ್ಳುವುದು.